ಹೊಳೆಯ ಹೆಸರೆತ್ತದ ಪುಸ್ತಕ

ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಕಲಾವಿದ ಅದನ್ನು ಬರಿಯ ಅಡ್ಡಗೆರೆಗಳಿಂದ ಬರೆದಿದ್ದಾನೆ. ದಡದ ಬಳಿ ದಟ್ಟವಾಗಿರುವ ಗೆರೆಗಳು ನಡುವೆ ಬಂದಂತೆ ತೆಳುವಾಗಿ, ಒಂದಕ್ಕೊಂದು ದೂರವಾಗಿ, ಕಡೆಗೆ ಬಿಳಿಯ ಕಾಗದವೇ ನೀರಾಗಿಬಿಟ್ಟಿದೆ. ಆ ಬಿಳುಪಿನ ನಟ್ಟನಡುವೆ ಈಜುತ್ತಿರುವ ಒಂದು ಬಸವ. ಅದರ ಕಾಲು ಕಾಣಿಸದು, ಹೊಟ್ಟೆ ಕಾಣಿಸದು. ಕಾಣುವುದು ಮೇಲೆತ್ತಿದ ಕೊರಳು, ಡುಬ್ಬ, ಎಳೆಯ ಚಂದ್ರನಂತೆ ಬಾಗಿದ ಎರಡು ಕೋಡು. ಬಲಗೋಡಿನ ತುದಿಯಲ್ಲಿ ಒಂದು ಹಕ್ಕಿ ರೆಕ್ಕೆ ಮಡಚಿ ಕುಳಿತಿದೆ. ಡುಬ್ಬದ ಹಿಂದೆ, ಮೊಳಕಾಲುಗಳನ್ನು ಎದೆಗೊತ್ತಿಕೊಂಡು ಒಬ್ಬಳು ಹುಡುಗಿ. ಅವಳ ಮುಖ ನಮಗಿಲ್ಲ. ಅದು ಆಚೆಯ ದಡಕ್ಕೆ ಮೀಸಲು. ಬೆನ್ನಮೇಲಿಂದ ಇಳಿದ ಜಡೆಯ ತುದಿ ನೀರಿಗೆ ತಾಕಿದೆ. ತಾಕಿದಲ್ಲಿ ಒಂದು ಸಣ್ಣ ಉಂಗುರ. ಇಡೀ ಚಿತ್ರದಲ್ಲಿ ಅಲುಗುತ್ತಿರುವುದು ಆ ಉಂಗುರವೊಂದೇ.

ಕೆಳಗೆ ಸಣ್ಣ ಅಕ್ಷರಗಳಲ್ಲಿ: ‘ಕೋಡಿನ ದೊರೆಯು ನೀಲಿಯನ್ನು ಹರಿವ ನೀರು ದಾಟಿಸಿದನು.’

ನಿವೃತ್ತ ಪೊಲೀಸ್ ಫೌಜದಾರ ಪರಮೇಶಪ್ಪ ಆ ಸಾಲಿನ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಸವಣೂರಿನಲ್ಲಿ ಅವರ ಹಳೆಯ ಪೇದೆ ಬಂದೇಸಾಬನ ಮನೆಯ ಪಡಸಾಲೆ ಅದು. ಅರವತ್ತೇಳರ ಬೇಸಿಗೆಯ ಮುಂಜಾವು ಹೊಸ್ತಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಪುಸ್ತಕದ ಹೆಸರು ‘ಹರಿವ ನೀರಿನಾಚೆ’. ಹಾನಗಲ್ಲಿನ ಚನ್ನವೀರಪ್ಪ ಮಾಸ್ತರರ ಹೆಸರು ಹೊತ್ತು ಐದು ವರ್ಷಗಳಿಂದ ಮಕ್ಕಳ ಕೈಯಿಂದ ಕೈಗೆ ಹಾರುತ್ತಿದ್ದ ಈ ಮಾಯಾಲೋಕದ ಕಾದಂಬರಿಯನ್ನು ನಿಜವಾಗಿ ಕಟ್ಟಿದವರು ಯಾರೆಂದು ಪತ್ತೆ ಮಾಡಲು ಹುಬ್ಬಳ್ಳಿಯ ಪ್ರಕಾಶಕ ಕುಬೇರಪ್ಪನವರೇ ಪರಮೇಶಪ್ಪನವರನ್ನು ನೇಮಿಸಿದ್ದರು. ಮಾಸ್ತರರು ಬರೆದು ತಂದ ಎರಡನೆಯ ಭಾಗವನ್ನು ಮಕ್ಕಳ ಮುಂದೆ ಓದಿದಾಗ ಮೊದಲ ಪುಟಕ್ಕೇ ಅರ್ಧ ಮಕ್ಕಳು ಆಕಳಿಸಿದ್ದವು, ಉಳಿದರ್ಧ ಎದ್ದು ಆಡಲು ಹೋಗಿದ್ದವು. ಅಂದಿನಿಂದ ಕುಬೇರಪ್ಪನವರಿಗೆ ಗುಮಾನಿ. ಮೂರನೆಯ ಮುದ್ರಣದ ಮುಖಪುಟ ಇಂದು ಸಂಜೆಯ ಬಸ್ಸಿನಲ್ಲಿ ಅಚ್ಚಿಗೆ ಹೊರಡಬೇಕು. ಅದರಲ್ಲಿ ಲೇಖಕರ ಹೆಸರಿನ ಜಾಗ ಇನ್ನೂ ಖಾಲಿ.

“ಇವತ್ತು ವೀಳ್ಯದೆಲಿ ಬಜಾರ ಇಲ್ಲಂತ್ರಿ. ಅಂಗಡಿ ಎಲ್ಲಾ ಬಾಗಲಾ ಹಾಕ್ಯಾವ,” ಎನ್ನುತ್ತ ಬಂದೇಸಾಬನ ಹೆಂಡತಿ ರೋಶನಬಿ ಚಹಾದ ಬಟ್ಟಲು ತಂದಿಟ್ಟಳು.

“ಬಂದ್ ಅದಾವ ಅನ್ನು,” ಎಂದ ಬಂದೇಸಾಬ, ಮೀಸೆಯೊಳಗೆ ನಗುತ್ತ. “ಒಂದ ಸಲಾ ಅನ್ನು. ಸಾಹೇಬ್ರು ಸಾಕ್ಷಿ ಅದಾರ.”

“ನಾಚಿಕಿ ಬರೂದಿಲ್ಲೇನ್ರಿ ನಿಮಗ?”

“ನೋಡ್ರಿ ಸಾಹೇಬ್ರ, ಲಗ್ನ ಆದಾಗಿಂದ ಈಕಿ ಬಾಯಾಗ ಯಾವ ಬಾಗಲಾನೂ ಬಂದ್ ಆಗಿಲ್ಲ. ಗಡಿಯಾರ ಬಂದ್ ಬಿದ್ರ ‘ದಣಕೊಂಡೈತಿ’ ಅಂತಾಳ. ಮಳಿ ಬಂದ್ ಆದ್ರ ‘ಮಳಿ ಮನಿಗೆ ಹೋತು’ ಅಂತಾಳ. ನನ್ನ ಹೆಸರು ಎಲ್ಲಿ ನಾಲಿಗಿಗೆ ತಾಕತೈತೋ ಅಂತ ಅಂಜಿಕಿ!”

“ಗಂಡನ ಹೆಸರು ಹಿಡದ್ರ ಆಯುಷ್ಯ ಕಡಿಮಿ ಆಗತೈತಂತ. ನಿಮ್ಮ ಆಯುಷ್ಯ ನಾ ಕಾಯಾಕತ್ತೇನಿ, ನೀವು ಹಲ್ಲು ಕಿಸ್ಯಾಕತ್ತೀರಿ,” ಎಂದು ಗದರಿ ರೋಶನಬಿ ಒಳಗೆ ಹೋದಳು.

ಪರಮೇಶಪ್ಪನವರ ಬಟ್ಟಲು ತುಟಿಯ ಬಳಿಯೇ ನಿಂತಿತು. ಮಳೆ ಮನೆಗೆ ಹೋಯಿತು! ಹೊಸ ಕಾವ್ಯದ ಚಟವಿದ್ದ ಅವರಿಗೆ ಅಂಥದೊಂದು ಸಾಲು ಅಚ್ಚಿನಲ್ಲಿ ಸಿಕ್ಕಿದ್ದರೆ ಎದ್ದು ನಿಂತು ಓದುತ್ತಿದ್ದರು. ಪ್ರತಿಮೆ ಎನ್ನುತ್ತಿದ್ದರು, ಧ್ವನಿ ಎನ್ನುತ್ತಿದ್ದರು. ಒಂದು ಹೆಂಗಸು ಗಂಡನ ಹೆಸರನ್ನು ಬಳಸಿ ನಡೆದ ಹಾದಿ ಅದು ಎಂದು ಕನಸಿನಲ್ಲಿಯೂ ಎಣಿಸುತ್ತಿರಲಿಲ್ಲ.

“ಬಂದೇಸಾಬ, ಈ ಪುಸ್ತಕದಾಗ ಹೊಳಿ ಐತೇನು?”

“ಏನ್ ಕೇಳ್ತೀರಿ ಸಾಹೇಬ್ರ? ಪುಸ್ತಕದ ತುಂಬ ಹೊಳೀನ ಐತಲ್ರಿ! ಹುಡುಗಿ ದಾಟೂದು ಹೊಳಿ, ಮೀನ ಮಾತಾಡೂದು ಹೊಳ್ಯಾಗ...”

“ನೀರು ಬ್ಯಾಡ. ಆ ಶಬ್ದ ತೋರಸು.”

ಇಬ್ಬರೂ ಹಾಳೆ ತಿರುವಿದರು. ಹರಿವ ನೀರು ಇತ್ತು. ದಾರಿ ಬಲ್ಲ ನೀರು, ನಿದ್ದೆಯಿಲ್ಲದ ನೀರು, ಎರಡು ದಡದ ನಡುವಿನ ಮಾತುಗಾತಿ ಎಲ್ಲ ಇದ್ದವು. ಹೊಳೆ ಇರಲಿಲ್ಲ. ನಕ್ಷತ್ರಗಳು ಮಿನುಗುತ್ತಿದ್ದವು, ಮಿಂಚುತ್ತಿದ್ದವು, ಕಣ್ಣು ಪಿಳುಕಿಸುತ್ತಿದ್ದವು, ಒಂದಾದರೂ ಹೊಳೆಯುತ್ತಿರಲಿಲ್ಲ. ಊರು ಬಿಟ್ಟ ಬಸವ, ಎಲ್ಲರ ಹೊಲದಲ್ಲಿ ಮೇದು ಯಾರ ಮನೆಯ ಕೊಟ್ಟಿಗೆಗೂ ಸೇರದ ಆ ಬಸವ, ಮೊದಲ ಪುಟದಿಂದ ಕಡೆಯ ಪುಟದವರೆಗೆ ‘ಕೋಡಿನ ದೊರೆ’ಯಾಗಿಯೇ ಉಳಿದಿತ್ತು.

“ಪಂಡಿತರು ಇದನ್ನ ಅಲಂಕಾರ ಅಂದ್ರು. ನಾನೂ ಅಂದೆ. ಅಲಂಕಾರ ಅಲ್ಲೋ ಮಾರಾಯ, ಇದು ಸೆರಗು. ಯಾರೋ ಒಬ್ಬಾಕಿ ಸೆರಗು ಸರಿ ಮಾಡಿಕೊಂಡು ಈ ಕತಿ ಹೇಳ್ಯಾಳ. ಹೊಳಿ ಅನ್ನೂದಿಲ್ಲ, ಬಸವ ಅನ್ನೂದಿಲ್ಲ. ಕೂಡಿಸಿ ನೋಡು.”

ಬಂದೇಸಾಬ ತುಟಿ ಅಲುಗಿಸಿ ಕೂಡಿಸಿದ. ಅವನ ಕಣ್ಣು ಅಗಲವಾದವು. “ಹೊಳಬಸಪ್ಪ! ಹೊಳಬಸಪ್ಪನ ಹೇಣ್ತಿ!” ಮರುಕ್ಷಣವೇ ಮುಖ ಬಾಡಿತು. “ಆದರ ಸಾಹೇಬ್ರ, ನಮ್ಮ ಸೀಮಿಯಾಗ ಕಲ್ಲು ಒಗದ್ರ ಒಬ್ಬ ಹೊಳಬಸಪ್ಪಗ ಬೀಳತೈತಿ.”

ಅದು ಉತ್ಪ್ರೇಕ್ಷೆಯಲ್ಲವೆಂದು, ಕುಬೇರಪ್ಪನವರಿಗೆ ಉತ್ತರ ಒಪ್ಪಿಸಲು ಮಾಸ್ತರರ ಮನೆಗೆ ಹೊರಟಾಗ, ಹಾನಗಲ್ಲಿನ ಬಸ್ಸಿನಲ್ಲಿ ಸಾಬೀತಾಯಿತು. ಪೊಲೀಸ್ ಬುದ್ಧಿ ಬಿಡದ ಬಂದೇಸಾಬ ಹಿಂದಿನ ಸೀಟಿನಿಂದ “ಏ ಹೊಳಬಸಪ್ಪಾ!” ಎಂದು ಒಮ್ಮೆ ಕೂಗಿ ನೋಡಿದ. ಕಂಡಕ್ಟರ್ ತಿರುಗಿದ. ನಿದ್ದೆ ಹೋಗಿದ್ದ ತಲೆಗೆ ಪಟಕ ಸುತ್ತಿದ್ದ ರೈತನೊಬ್ಬ ಬೆಚ್ಚಿ ಎದ್ದ. ಮುಂದಿನ ಸೀಟಿನ ಒಬ್ಬ ಮುದುಕ, ಕಬ್ಬಿನ ಜಲ್ಲೆಯನ್ನು ಕೋವಿಯಂತೆ ಹಿಡಿದುಕೊಂಡೇ, “ಯಾರಪಾ ಅದು?” ಎಂದ.

“ನಿಮ್ಮ ಮನಿಯಾಕಿ ಕತಿ ಹೇಳ್ತಾಳೇನೋ?” ಎಂದು ಬಂದೇಸಾಬ ಕಂಡಕ್ಟರನನ್ನು ಕೇಳಿದ.

“ಕತಿ ಎಲ್ಲಿದ್ರಿ? ಬರೇ ಬೈಗಳಾ ಹೇಳ್ತಾಳ. ಅದೂ ದಿನಾ ಹೊಸಾವು.”

ಬಸ್ಸು ನಕ್ಕಿತು. ವಿಷಯ ತಿಳಿದ ಮುದುಕ ತಾನೂ ನಕ್ಕು ಹೇಳಿದ: “ಬರೇ ಹೇಣ್ತೆರಂತ ಯಾಕ ಹುಡುಕ್ತೀರಿ ತಮ್ಮಾ? ನಮ್ಮ ಮನಿ ಸೊಸೀನೂ ನನ್ನ ಹೆಸರು ಆಡೂದಿಲ್ಲ. ಮಾವನ ಹೆಸರು ಅಂದ್ರ ಗಂಡನ ಹೆಸರಿಗಿಂತ ಜಡ. ನಾ ಹೊಳಿಗೆ ಹೋದ್ರ ‘ನೀರಿನ ಕಡೆ ಹೋಗ್ಯಾರ’ ಅಂತಾಳ.”

ಪರಮೇಶಪ್ಪ ಅಪ್ರಯತ್ನವಾಗಿ ತೊಡೆಯ ಮೇಲಿನ ಪುಸ್ತಕದತ್ತ ನೋಡಿದರು. ಹಳೆಯ ಮುದ್ರಣದ ಪ್ರತಿ. ಮುಖಪುಟದ ತಳದಲ್ಲಿ, ಎಲ್ಲರಿಗೂ ಕಾಣುವಂತೆ: ಚ. ಹೊ. ಬೆಲ್ಲದ. ತನ್ನ ಹೆಸರು, ನಡುವೆ ‘ಹೊ’ ಎಂದು ತಂದೆಯ ಹೆಸರು, ಮನೆತನದ ಹೆಸರು. ಈ ನಾಡಿನ ಪ್ರತಿಯೊಬ್ಬ ಗಂಡಸೂ ಸಹಿಯ ನಡುವೆ ತಂದೆಯನ್ನು ಹೊತ್ತುಕೊಂಡೇ ತಿರುಗುತ್ತಾನೆ. ಇಷ್ಟು ದಿನ ತಾವು ಊರೂರು ಸುತ್ತಿ ಅರಸುತ್ತಿದ್ದ ಮನೆಯ ಹೆಸರು ಒಂದಕ್ಷರದ ವೇಷ ತೊಟ್ಟು ಪುಸ್ತಕದ ಮುಖದ ಮೇಲೆಯೇ ಕುಳಿತಿತ್ತು.

“ಬಂದೇಸಾಬ, ನಾವಿಬ್ರೂ ಪಿಂಚಣಿಗೆ ಲಾಯಕ್ಕು ಬಿಡು,” ಎಂದರು ಪರಮೇಶಪ್ಪ.

ಚನ್ನವೀರಪ್ಪ ಮಾಸ್ತರರ ಮನೆಯಲ್ಲಿ ಕುಬೇರಪ್ಪನವರು ಆಗಲೇ ಬಂದು ಕುಳಿತಿದ್ದರು. ದುಂಡು ಮೈ, ಜರಿಯಂಚಿನ ಟೊಪ್ಪಿಗೆ, ಯಾವ ಮಾತಿಗೂ ಮುಂಚಿತವಾಗಿ ಬರುವ ನಗು. ಅವರ ತೊಡೆಯ ಮೇಲೆ ಹೊಸ ಮುಖಪುಟದ ಕರಡು ಸುರುಳಿಯಾಗಿತ್ತು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿಯೊಳಗೆ ಇಸ್ತ್ರಿ ಮಾಡಿದಂತೆಯೇ ಕೂತಿದ್ದರು.

“ಬರ್ರಿ ಫೌಜದಾರ್ರ, ಕುಂದರ್ರಿ,” ಎಂದರು ಕುಬೇರಪ್ಪ. “ಕಳ್ಳ ಸಿಕ್ಕನೇನ್ರಿ?”

“ಕಳ್ಳತನಾನ ಆಗಿಲ್ರಿ. ಮಾಲು ಮನ್ಯಾಗ ಐತಿ.”

ಮಾಸ್ತರರು ಕೆಮ್ಮಿದರು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಸರೋಜವ್ವ ಬಂದು ನಿಂತರು. ನರೆತ ಕೂದಲಿನ, ಹಿಟ್ಟು ಮೆತ್ತಿದ ಕೈಯ, ಐವತ್ತು ದಾಟಿದ ಹೆಂಗಸು. ನೀರಿನ ತಂಬಿಗೆ ಮುಂದಿಟ್ಟು ಹಿಂದಿರುಗುವುದರಲ್ಲಿದ್ದರು.

“ಅವ್ವಾರ, ನಿಮ್ಮ ತವರು ಯಾವುದ್ರಿ?” ಎಂದರು ಪರಮೇಶಪ್ಪ.

“ರಟ್ಟೀಹಳ್ಳಿರಿ.”

“ಅಲ್ಲಿ ಕದಂಬೇಶ್ವರನ ಗುಡಿ ಆಚೆ ಕುಮುದ್ವತಿ ಐತಲ್ರಿ. ಅದು ಕೆರಿಯೇನ್ರಿ?”

“ಕೆರಿ ಯಾಕ ಆಗತೈತ್ರಿ ಅಣ್ಣಾರ? ಹರಿಯೂ ನೀರು.”

ಮಾಸ್ತರರ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

“ಮತ್ತ ಊರಾಗ ಬಿಟ್ಟಿರತಾರಲ್ಲ, ಗುಡಿ ಮುಂದ ನಿಂತು ಎಲ್ಲಾರ ಕೈಯಾಗಿಂದೂ ಬಾಳೆಹಣ್ಣು ತಿನ್ನತೈತಿ, ಅದಕ್ಕ ಏನಂತಾರ್ರಿ?”

“ಕೋಡಿನ ದೊರಿ,” ಎಂದವರೇ ಸರೋಜವ್ವ ಹಿಟ್ಟಿನ ಕೈಯನ್ನೇ ಬಾಯಿಗೆ ಮುಚ್ಚಿಕೊಂಡರು. ತುಟಿಯ ಮೇಲೆ ಬಿಳಿಯ ಮೀಸೆ ಮೂಡಿತು.

ಬಂದೇಸಾಬ ಮೊದಲು ನಕ್ಕ. ಆಮೇಲೆ ಕುಬೇರಪ್ಪ ನಕ್ಕರು. ಕಡೆಗೆ, ಯಾರೂ ನಿರೀಕ್ಷಿಸದಂತೆ, ಮಾಸ್ತರರೇ ಎಲ್ಲರಿಗಿಂತ ಹೆಚ್ಚಾಗಿ ನಕ್ಕರು; ಬಹಳ ದಿನ ಬಿಗಿಯಾಗಿ ಕಟ್ಟಿದ್ದ ಕಚ್ಚೆ ಸಡಿಲಿಸಿದವರ ನಗು ಅದು.

“ಹೋತು! ನನ್ನ ತಲಿ ಮ್ಯಾಲಿನ ಹೊರಿ ಇಳೀತು. ಕೈ ನಂದು ಸಾಹೇಬ್ರ, ಬಾಯಿ ಆಕೀದು. ಬ್ಯಾಸಗಿ ಸೂಟಿಗೆ ಮಕ್ಕಳು ಮೊಮ್ಮಕ್ಕಳು ಬರ್ತಿದ್ವು. ಮಾಳಿಗಿ ಮ್ಯಾಲೆ ಶಾವಿಗಿ ಹೊಸಿಯಾಕ ಆಕಿ ಕುಂತ್ರ ಹುಡುಗೂರು ಹಸೀ ಎಳಿ ಕಿತ್ತು ತಿಂತಿದ್ವು. ಅವನ್ನ ಸುಮ್ಮನ ಕೂಡಸಾಕ ಕತಿ. ನಾದಿದ ಹಿಟ್ಟು ತೀರಿತಂದ್ರ ಕತಿ ಅವತ್ತಿಗೆ ನಿಲ್ತಿತ್ತು. ಮರುದಿನ ಹಿಟ್ಟಿಗೆ ಕೈ ಹಚ್ಚಿ, ‘ಎಲ್ಲಿಗೆ ಬಂದಿದ್ವಿ?’ ಅಂತ ಕೇಳಾಕಿ.”

ಪರಮೇಶಪ್ಪ ತಲೆದೂಗಿದರು. ಕಾದಂಬರಿಯ ಪ್ರತಿಯೊಂದು ಅಧ್ಯಾಯವೂ ಅದೇ ಪ್ರಶ್ನೆಯಿಂದ ಆರಂಭವಾಗುತ್ತಿತ್ತು. ಹೊಸ ತಂತ್ರವೆಂದು ಪತ್ರಿಕೆಗಳು ಹೊಗಳಿದ್ದವು.

“ನಾ ಕೆಳಗ ಕುಂತು ಬರಕೊಂಡೆ,” ಮಾಸ್ತರರು ಮುಂದುವರಿಸಿದರು. “ಕುಬೇರಪ್ಪನೋರು ಎರಡನೇ ಭಾಗ ಕೇಳಿದ್ರು. ಅಷ್ಟರಾಗ ನಾನ ಶಾಣ್ಯಾತನ ಮಾಡಿ ಹುಬ್ಬಳ್ಳಿಯಿಂದ ಶಾವಿಗಿ ಮಿಷನ್ ತಂದು ಕೊಟ್ಟಿದ್ದೆ. ಹಿಡಿಕಿ ತಿರುವಿದ್ರ ಒಂದ ತಾಸಿನ್ಯಾಗ ಬುಟ್ಟಿಗಟ್ಟಲೆ ಶಾವಿಗಿ. ಕತಿ ಖಲ್ಲಾಸ್! ಹೇಳು ಅಂದ್ರ, ‘ಕೈ ಖಾಲಿ ಇದ್ರ ಬಾಯಿಗೆ ಏನೂ ಬರೂದಿಲ್ಲ’ ಅಂತಾಳ.”

“ಮಿಷನ್ ಗಡಗಡ ಅಂತೈತ್ರಿ,” ಎಂದರು ಸರೋಜವ್ವ. “ಅದರ ಮುಂದ ನಾ ಏನ್ ಹೇಳ್ಲಿ? ಅದ ಮಾತಾಡತೈತಿ.”

ಕುಬೇರಪ್ಪ ಮುಖಪುಟದ ಸುರುಳಿ ಬಿಚ್ಚಿ ನೆಲದ ಮೇಲೆ ಹರಡಿದರು. ನೀಲಿಯ ಶಾಯಿ, ಕೆಂಪಿನ ಶೀರ್ಷಿಕೆ, ಅದರ ಕೆಳಗೆ ಬಯಲಿನಂತೆ ಬಿದ್ದಿರುವ ಬಿಳುಪು.

“ಹಂಗಾರ ಹೆಸರು ಹೇಳ್ರಿ ಅವ್ವಾರ. ನಿಮ್ಮದ ಹಾಕ್ಲೇನ್ರಿ?”

ಪರಮೇಶಪ್ಪ ಮಾಸ್ತರರ ಮುಖ ನೋಡಿದರು. ಐದು ವರ್ಷದ ಹಾರ ತುರಾಯಿಗಳು, ಶಾಲೆಶಾಲೆಗಳ ಸನ್ಮಾನಗಳು ಆ ಮುಖದ ಮೇಲೆ ಒಮ್ಮೆ ಸುಳಿದು ಹೋದುವು.

“ಇಷ್ಟು ದಿನ ಬ್ಯಾಡಾಗಿತ್ರಿ,” ಎಂದರು ಸರೋಜವ್ವ ನಿಧಾನವಾಗಿ. “ಮಂದಿ ಇವರನ್ನ ಹೊಗಳಿದ ದಿನಾ ಇವರು ನಕ್ಕೋತ ಮನಿಗೆ ಬರ್ತಿದ್ರು. ನನಗ ಅದ ಸಾಕಿತ್ತು. ಆದರ ಹ್ವಾದ ವಾರ ನಮ್ಮ ಮೊಮ್ಮಗಳು ಪುಸ್ತಕ ತೊಡಿ ಮ್ಯಾಲಿಟ್ಟುಕೊಂಡು, ‘ಅಜ್ಜೀ, ಅಜ್ಜ ಇಷ್ಟು ಬರದಾರ, ನೀ ಏನ್ ಮಾಡೀದಿ?’ ಅಂತ ಕೇಳಿದ್ಲು.” ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಈಗ ಬೇಕ್ರಿ. ನನ್ನ ಹೆಸರು ಬೇಕು,” ಎಂದರು.

ಮಾಸ್ತರರು ಕಿಸೆಯಿಂದ ಪೆನ್ನು ತೆಗೆದು, ಅದರ ಮುಚ್ಚಳ ಬಿಚ್ಚಿ, ತಾವೇ ನೆಲಕ್ಕೆ ಬಗ್ಗಿದರು. “ನಾನ ಬರೀತೇನಿ. ನನ್ನ ಅಕ್ಷರ ದುಂಡಗ ಅದಾವ. ಅದಂತೂ ನನ್ನದ ನೋಡು.”

“ಅಕ್ಷರ ದುಂಡಗ, ಕತಿ ಚಪ್ಪಟಿ,” ಎಂದರು ಸರೋಜವ್ವ. ಮಾಸ್ತರರು ಬಗ್ಗಿದಲ್ಲೇ ನಕ್ಕರು.

ಪರಮೇಶಪ್ಪನವರ ಎದೆ ತುಂಬಿ ಬಂತು. ಇಂಥ ತನಿಖೆ ತಮ್ಮ ಸೇವೆಯಲ್ಲಿ ಒಂದೂ ಇರಲಿಲ್ಲ. ಆರೋಪಿಯೇ ಪೆನ್ನು ಹಿಡಿದು ಫಿರ್ಯಾದಿಯ ಹೆಸರು ಬರೆಯುವುದು! ಹಾಗೆ ತುಂಬಿ ಬಂದ ಭರದಲ್ಲಿ, ಯಾವ ತನಿಖೆಯ ಉದ್ದೇಶವೂ ಇಲ್ಲದೆ, ಬರಿಯ ಓದುಗನಾಗಿ ಅವರೊಂದು ಮಾತು ಹೇಳಿದರು.

“ಅವ್ವಾರ, ಎಲ್ಲಾ ಇರ್ಲಿ, ಕಡೀಕ ನೀಲಿ ತಿರುಗಿ ಬರ್ತಾಳಲ್ರಿ. ಈ ದಂಡಿ ಮ್ಯಾಲಿನ ಮಕ್ಕಳು ಎಲ್ಲಾ ಕೂಡಿ ಆಕಿ ಹೆಸರು ಕೂಗಿದ್ರ, ಹರಿವ ನೀರು ಒಂದು ಗಳಿಗಿ ಹಿಂದಕ್ಕ ಹರೀತೈತಿ. ಅದನ್ನ ಓದಿ ಈ ಫೌಜದಾರನ ಕಣ್ಣಾಗೂ ನೀರು ಬಂದಿತ್ರಿ.”

ಸರೋಜವ್ವ ಅವರನ್ನೇ ನೋಡಿದರು.

“ನೀಲಿ ತಿರುಗಿ ಬಂದ್ಲೇನ್ರಿ?”

ಪರಮೇಶಪ್ಪ ಪುಸ್ತಕವನ್ನು ಎತ್ತಿ ತೋರಿಸಿದರು.

“ಪುಸ್ತಕ ಓದಿಲ್ಲೇನ್ರಿ ನೀವು?” ಎಂದರು ಪರಮೇಶಪ್ಪ.

“ನಾನ ಹೇಳಿದ ಕತಿ ನಾನ ಯಾಕ ಓದ್ಲ್ರಿ? ನನ್ನ ಕತ್ಯಾಗ ನೀಲಿ ಬರೂದಿಲ್ಲ. ಆಚೆ ದಂಡಿಗೇ ಮನಿ ಕಟ್ಟತಾಳ. ಈಚೆ ದಂಡಿ ಸಣ್ಣದಾಗಿ ಕಾಣತೈತಿ, ಅಷ್ಟ. ದಾಟಿ ಬಂದ ಹೆಣ್ಣುಮಗಳು ಹೆಂಗ ತಿರುಗಿ ಹೋಗ್ತಾಳ್ರಿ?” ಅವರ ದನಿಯಲ್ಲಿ ದುಃಖವಿರಲಿಲ್ಲ, ಕುತೂಹಲವಿತ್ತು, ಹಸಿವೆಯಂಥ ಕುತೂಹಲ. “ಹೆಂಗ ಬಂದ್ಲು? ನೀರು ಹಿಂದಕ್ಕ ಹರೀತೇನ್ರಿ? ಖರೇನ?”

ಮಾಸ್ತರರ ಪೆನ್ನು ಬಿಳುಪಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ತೂಗುತ್ತಿತ್ತು. “ಅದನ್ನ ನಾ ಬರದಿಲ್ಲ,” ಎಂದರು ಅವರು, ಯಾರ ಮುಖವನ್ನೂ ನೋಡದೆ. “ಆಕಿ ಹೇಳಿದಂಗ ಬರದು ಹುಬ್ಬಳ್ಳಿಗೆ ಕಳಸಿದ್ದೆ. ಅಚ್ಚಾಗಿ ಬಂದಾಗ ನೋಡ್ತೇನಿ, ಕಡೇ ಅಧ್ಯಾಯ ಬ್ಯಾರೇನ ಐತಿ. ಆದರ ಮಂದಿ ಹೊಗಳಿದ್ದು ಅದನ್ನ. ಅಚ್ಚುಕೂಟದವರು ತಿದ್ದಿರಬೇಕಂತ ಸುಮ್ಮನಾದೆ.”

ಎಲ್ಲರೂ ಕುಬೇರಪ್ಪನವರತ್ತ ತಿರುಗಿದರು.

“ನಮ್ಮಲ್ಲಿ ಬಂದದ್ದ ಹಂಗ ಬಂತಪಾ,” ಎಂದರು ಕುಬೇರಪ್ಪ. ನಗು ಇತ್ತು. “ಕರಡು ಈಗೆಲ್ಲೈತಿ, ಆವಾಗ ಶೇಂಗಾ ಪುಡಿಕಿ ಕಟ್ಟಾಕ ಹೋತು. ಬರೀರಿ ಮಾಸ್ತರ್ರ, ಬಸ್ಸಿಗೆ ಹೊತ್ತಾತು.”

“ಬ್ಯಾಡ್ರಿ,” ಎಂದರು ಸರೋಜವ್ವ.

ಆ ಒಂದು ಮಾತಿಗೆ ಪೆನ್ನು ಹಿಂದೆ ಸರಿಯಿತು.

“ನನಗ ಹೊಳದದ್ದು ಏನಂದ್ರ...” ಎಂದು ಮಾಸ್ತರರು ಏನೋ ಸಮಾಧಾನ ಹೇಳಹೊರಟರು.

“ನೀವು ಆ ಮಾತು ಆಡಬಹುದು, ನನಗ ಬರೂದಿಲ್ಲ,” ಎಂದು ಸರೋಜವ್ವ ಅವರನ್ನು ತಡೆದರು. “ಕೇಳ್ರಿ ಇಲ್ಲೆ. ನಾ ಹೋಗಗೊಟ್ಟ ಹುಡುಗೀನ ಯಾರೋ ತಿರುಗಿ ಕರಕೊಂಡು ಬಂದಾರ. ಅವರದೂ ಹೆಸರು ನನ್ನ ಹೆಸರಿನ ಬಾಜೂಕ ಬರಬೇಕು. ಅವರು ಯಾರಂತ ತಿಳಿಯೂತನಕ ನನ್ನದೂ ಬ್ಯಾಡ, ಇವರದೂ ಬ್ಯಾಡ.”

ಪರಮೇಶಪ್ಪ ಕಡೆಯ ಅಧ್ಯಾಯವನ್ನು ಮತ್ತೊಮ್ಮೆ ಬಿಡಿಸಿದರು. ಈ ಸಲ ಭೂತಗನ್ನಡಿ ಬೇಕಾಗಲಿಲ್ಲ. ಸಾಲುಸಾಲಿಗೂ ಹರಿವ ನೀರು. ಸಾಲುಸಾಲಿಗೂ ಕೋಡಿನ ದೊರೆ. ಮಕ್ಕಳ ಕೈಯ ದೀಪಗಳು ಮಿನುಗಿದವು, ಮಿಂಚಿದವು, ಹೊಳೆಯಲಿಲ್ಲ. ಬೇರೊಂದು ಕೈ ಬರೆದ ಈ ಅಧ್ಯಾಯದಲ್ಲಿಯೂ ಹೊಳೆಯ ಹೆಸರಿರಲಿಲ್ಲ. ಇಡೀ ನಾಡಿನ ಪಂಡಿತರಿಗೆ ತಿಳಿಯದೆ ಹೋದ ಗುಟ್ಟನ್ನು ಯಾರೋ ಒಬ್ಬರು ಐದು ವರ್ಷದ ಹಿಂದೆಯೇ ತಿಳಿದಿದ್ದರು; ತಿಳಿದು, ಆ ಹೆಂಗಸಿನ ಸೆರಗು ಜಾರದಂತೆ ಜೋಪಾನವಾಗಿ ಬರೆದಿದ್ದರು.

ಅವರು ಪುಸ್ತಕ ಮುಚ್ಚಿದರು.

“ಕುಬೇರಪ್ಪನೋರ, ಕತಿ ಹೇಳಿದವರು ಯಾರಂತ ನಿಮಗ ಗೊತ್ತಿರ್ಲಿಲ್ಲ. ಅದಕ್ಕ ನನ್ನ ಕರಸಿದ್ರಿ.”

“ಹೌದಲ್ರಿ ಮತ್ತ.”

“ಹಂಗಾರ ಆಕಿ ಯಾವ ಮಾತು ಆಡೂದಿಲ್ಲ ಅನ್ನೂದು ನಿಮ್ಮ ಅಚ್ಚುಕೂಟದಾಗ ಯಾರಿಗೆ ಗೊತ್ತಿತ್ರಿ?”

ಕುಬೇರಪ್ಪನವರ ನಗು ಮೊದಲ ಸಲ ಮಾತಿಗಿಂತ ತಡವಾಯಿತು. ಅವರು ಬಗ್ಗಿ, ಮುಖಪುಟವನ್ನು ನೆಲದಿಂದೆತ್ತಿ, ಬಿಳುಪು ಒಳಗಾಗುವಂತೆ ಸುರುಳಿ ಸುತ್ತಿದರು. ಟೊಪ್ಪಿಗೆ ಸರಿಮಾಡಿಕೊಂಡರು. ಸರೋಜವ್ವನವರತ್ತ ತಿರುಗಿ ಒಮ್ಮೆ ಕೈಮುಗಿದರು. ಪ್ರಕಾಶಕ ಲೇಖಕರಿಗೆ ಮುಗಿಯುವುದಕ್ಕಿಂತ ತುಸು ಹೆಚ್ಚು ಹೊತ್ತು ಆ ಕೈಗಳು ಕೂಡಿಯೇ ಇದ್ದವು. ನೀಲಿಯನ್ನು ತಿರುಗಿ ಕರೆತಂದ ಕೈಗಳು ಅವೇ ಎಂದು ಪರಮೇಶಪ್ಪನವರಿಗೆ ಅನ್ನಿಸಿತು.

“ಫೌಜದಾರ್ರ, ನಾ ಒಪ್ಪಿಸಿದ ಕೆಲಸ ಮುಗೀತ್ರಿ,” ಎಂದರು. “ಇನ್ನ ಹುಡುಕಬ್ಯಾಡ್ರಿ.”

“ಮುಖಪುಟಕ್ಕ ಹೆಸರು, ಸಾಹುಕಾರ್ರ?” ಎಂದು ಮಾಸ್ತರರು ತೆರೆದ ಪೆನ್ನು ಹಿಡಿದುಕೊಂಡೇ ಎದ್ದು ನಿಂತರು.

ಹೊಸ್ತಿಲು ದಾಟಿದ ಕುಬೇರಪ್ಪನವರ ಬೆನ್ನ ಹಿಂದೆ ತಲೆಬಾಗಿಲು ಮುಚ್ಚಿಕೊಂಡಿತು.